ತೊಗರಿಕಾಳಿನಷ್ಟು ಚಂದ್ರ

ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಂದುಕಲ್ಲುಗಳ ನಡುವೆ ಓಡಾಡಿದ ನನಗೆ ಹಗಲು ಹೊತ್ತಿನ ಚಂದ್ರನನ್ನು ಸರಿಯಾಗಿ ನೋಡಲು ಕಲಿಸಿದವರು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹೋಬಳಿಯ ಒಬ್ಬ ವಯಸ್ಸಾದ ರೈತರು. ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷಗಳ ಹಿಂದಿನ ಮಾತು. ಅಣ್ಣತಮ್ಮಂದಿರ ಭಾಗದ ಜಮೀನಿಗೆ ಹದ್ದುಬಸ್ತು ಮಾಡಿಕೊಡಲು ಮಾಘ ಶುದ್ಧ ದಶಮಿಯ ದಿನ ಅವರ ಹೊಲಕ್ಕೆ ಹೋಗಿದ್ದೆ. ರಾಗಿ ಕೊಯ್ಲಾಗಿತ್ತು, ತೊಗರಿ ಬಡಿದು ಮುಗಿದಿತ್ತು, ಹೊಲದಲ್ಲಿ ಕೂಳೆ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ ಚೈನು ಎಳೆಯಲು ಯಾವ ಅಡ್ಡಿಯೂ ಇರಲಿಲ್ಲ. ಸಂಜೆ ನಾಲ್ಕೂವರೆಯ ಹೊತ್ತಿಗೆ ಕೊನೆಯ ಕಲ್ಲು ನೆಟ್ಟು, ಗಡಿಗೆ ಕಟ್ಟಿದ್ದ ದಾರವನ್ನು ಸುತ್ತಿಕೊಳ್ಳುತ್ತಿದ್ದಾಗ ಅವರು ಬದುವಿನ ಮೇಲೆ ಕುಳಿತು ಮೂಡಲ ದಿಕ್ಕಿಗೆ ಕೈ ತೋರಿಸಿದರು.

“ಅಲ್ನೋಡಿ ಸ್ವಾಮಿ, ಹೊತ್ತು ಮುಳುಗೋಕೆ ಮುಂಚೇನೇ ಚಂದ್ರ ಬಂದವ್ನೆ.”

“ದಶಮಿ ಅಲ್ವಾ ಯಜಮಾನ್ರೆ, ಮಧ್ಯಾಹ್ನವೇ ಹುಟ್ಟಿರ್ತಾನೆ” ಎಂದು ನಾನು ದಾರ ಸುತ್ತುವುದನ್ನು ನಿಲ್ಲಿಸದೆಯೇ ಹೇಳಿದೆ.

“ಹುಟ್ಲಿ ಬಿಡಿ. ಆದ್ರೆ ಹೊತ್ತು ಅಲ್ಲಿ ಪಡುವಲಾಗೆ ಕೆಳಗೈತೆ. ಇವ್ನು ಬೆಳಕಿನ ಮೊಕ ಮ್ಯಾಕೆ ಮಾಡ್ಕೊಂಡವ್ನೆ. ಬಿಸಿಲು ಬೀಳೋದು ಆ ಕಡೆ ಕೆಳಗಿಂದಾದ್ರೆ, ಮೇಲ್ಗಡೆ ಹೆಂಗೆ ಬೆಳ್ಳಗಾಯ್ತು?”

ಆಗ ನಾನು ನಿಜವಾಗಿ ತಲೆ ಎತ್ತಿ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಸೂರ್ಯ ಪಶ್ಚಿಮದಲ್ಲಿ ಹುಣಿಸೆ ಮರಗಳ ತಲೆಯ ಮೇಲಿದ್ದ. ಚಂದ್ರ ಪೂರ್ವದಲ್ಲಿ ಸೂರ್ಯನಿಗಿಂತ ಸ್ವಲ್ಪ ಎತ್ತರದಲ್ಲಿದ್ದ. ಆದರೂ ಚಂದ್ರನ ಬೆಳಗಿದ ಭಾಗ ಸೂರ್ಯನ ಕಡೆಗೆ ಬಾಗಿರುವ ಬದಲು ನೆತ್ತಿಯ ಕಡೆಗೆ ಮುಖ ಮಾಡಿಕೊಂಡಿತ್ತು. ಚಂದ್ರನ ಬೆಳಕು ಸೂರ್ಯನಿಂದ ಬಂದದ್ದು ಎಂದು ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ನನ್ನ ಮಕ್ಕಳಿಗೂ ಹೇಳಿಕೊಟ್ಟಿದ್ದ ನನಗೆ, ಆ ಮಾತು ಕಣ್ಣ ಮುಂದೆ ಸುಳ್ಳಾಗಿ ಕಾಣುತ್ತಿರುವುದು ಅಷ್ಟು ವರ್ಷ ಗಮನಕ್ಕೇ ಬಂದಿರಲಿಲ್ಲ. ಅಕ್ಷರ ಕಲಿಯದ ಅವರು ಅದನ್ನು ಬದುವಿನ ಮೇಲೆ ಕುಳಿತು ಕಂಡುಕೊಂಡಿದ್ದರು.

ಉತ್ತರ ನನ್ನ ಕೈಯಲ್ಲಿದ್ದ ದಾರದಲ್ಲೇ ಇತ್ತು. ಎರಡು ಬಿಂದುಗಳ ನಡುವಿನ ಗೆರೆ ನೇರವಾಗಿದೆಯೇ ಎಂಬ ಸಂಶಯ ಬಂದಾಗ ಕಣ್ಣನ್ನು ನಂಬದೆ ದಾರ ಎಳೆಯುವುದು ನಮ್ಮ ವೃತ್ತಿಯ ಮೊದಲ ಅಭ್ಯಾಸ. ದಾರದ ಒಂದು ತುದಿಯನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು, ಎರಡೂ ತೋಳುಗಳನ್ನು ಅಗಲಿಸಿ ಚಾಚಿ, ಬಲಗೈ ಬೆರಳು ಚಂದ್ರನನ್ನು ಮುಟ್ಟುವಂತೆಯೂ ಎಡಗೈ ಮುಷ್ಟಿ ಸೂರ್ಯನನ್ನು ಮುಚ್ಚುವಂತೆಯೂ ನಿಂತೆ. ಸೂರ್ಯನನ್ನು ನೇರವಾಗಿ ನೋಡಬಾರದು, ನೋಡಬೇಕಾಗಿಯೂ ಇಲ್ಲ. ಮುಷ್ಟಿಯ ನೆರಳು ಕಣ್ಣಿನ ಮೇಲೆ ಬಿತ್ತೆಂದರೆ ಮುಷ್ಟಿ ಸರಿಯಾಗಿ ಸೂರ್ಯನ ಮೇಲಿದೆ ಎಂದೇ ಅರ್ಥ. ಹಾಗೆ ಬಿಗಿಯಾಗಿ ಹಿಡಿದ ದಾರವನ್ನು ಚಂದ್ರನ ತುದಿಯಿಂದ ನೋಡುತ್ತ ಬಂದರೆ, ಅದು ಬೆಳಗಿದ ಅಂಚಿನ ನಟ್ಟನಡುವಿನಿಂದ ಹೊರಟು, ಮೇಲಕ್ಕೆ ಏರಿ, ಆಕಾಶದ ಎತ್ತರದ ಭಾಗವನ್ನು ದಾಟಿ, ಆಮೇಲೆ ಇಳಿಯುತ್ತ ಸೂರ್ಯನನ್ನು ಸೇರಿತು. ಬೆಳಕಿನ ಭಾಗಕ್ಕೂ ಕತ್ತಲೆಯ ಭಾಗಕ್ಕೂ ನಡುವಿನ ಗಡಿಗೆ ಆ ದಾರ ಸರಿಯಾಗಿ ಲಂಬವಾಗಿತ್ತು. ಚಂದ್ರ ಮುಖ ಮಾಡಿದ್ದು ಸೂರ್ಯನ ಕಡೆಗೇ. ತಪ್ಪಿದ್ದು ನಮ್ಮ ಕಣ್ಣಿನ ಅಂದಾಜು.

ಅವರಿಗೂ ದಾರ ಕೊಟ್ಟೆ. ಎರಡು ಮೂರು ಸಲ ಹಿಡಿದು ನೋಡಿ, “ನೆಟ್ಟಗೇ ಐತೆ ಸ್ವಾಮಿ” ಎಂದರು. ಹೀಗೇಕೆ ಎಂಬುದನ್ನು ಅವರಿಗೆ ವಿವರಿಸಲು ನಾನು ಹಿಡಿದ ಉದಾಹರಣೆ ಉದ್ದನೆಯ ಕಾಂಪೌಂಡ್ ಗೋಡೆಯದು. ಎತ್ತರದ ಗೋಡೆಯೊಂದಕ್ಕೆ ಹತ್ತಿರವಾಗಿ ಎದುರು ನಿಂತರೆ ಅದರ ಮೇಲಂಚು ನಮ್ಮ ಮುಂದೆ ತಲೆಗಿಂತ ಮೇಲೆ ಕಾಣುತ್ತದೆ. ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸಿದರೆ ಅದೇ ಅಂಚು ದೂರ ಹೋದಂತೆಲ್ಲ ನೆಲದ ಕಡೆಗೆ ಇಳಿಯುತ್ತ ಹೋಗುತ್ತದೆ. ಗೋಡೆ ಮಟ್ಟವಾಗಿಯೇ ಇದೆ, ಮೇಲಂಚು ನೇರವಾಗಿಯೇ ಇದೆ, ಆದರೂ ನಮಗದು ಕಮಾನಿನಂತೆ ತೋರುತ್ತದೆ. ಆಕಾಶದ ಈ ಕೊನೆಯಿಂದ ಆ ಕೊನೆಗೆ ಹಾಯುವ ನೇರ ಗೆರೆಗೂ ಆಗುವುದು ಅದೇ.

ಅಂದಿನಿಂದ ನಾನು ಹಗಲು ಚಂದ್ರನನ್ನು ಬೇರೆಯೇ ರೀತಿ ನೋಡಲು ತೊಡಗಿದೆ. ನಮ್ಮ ಹಳೆಯ ಕವಿಗಳಿಗೆ ಹಗಲಿನ ಚಂದ್ರನೆಂದರೆ ಕಳೆಗುಂದಿದ ಮುಖಕ್ಕೊಂದು ಹೋಲಿಕೆ. ಮಾತಿನಲ್ಲೂ ನಾವು ಬಣ್ಣಗೆಟ್ಟದ್ದನ್ನು ಕಂಡರೆ ಹಾಗೆಯೇ ಹೇಳುತ್ತೇವೆ. ಅವರ ಕಾವ್ಯದ ಬಗ್ಗೆ ನನಗೆ ಗೌರವವಿದೆ, ಆದರೆ ಈ ವಿಷಯದಲ್ಲಿ ಅವರ ತೀರ್ಪನ್ನು ನಾನು ಒಪ್ಪಲಾರೆ. ರಾತ್ರಿಯ ಚಂದ್ರ ಒಬ್ಬನೇ ಬರುತ್ತಾನೆ, ಅವನಿಗೆ ಬೆಳಕು ಕೊಡುವವನು ನೆಲದ ಕೆಳಗಿರುತ್ತಾನೆ. ಹಗಲಿನಲ್ಲಿ ಮಾತ್ರ ಸೂರ್ಯ, ಚಂದ್ರ, ನಾವು ನಿಂತ ನೆಲ ಮೂರೂ ಒಟ್ಟಿಗೆ ಕಣ್ಣಿಗೆ ಸಿಗುತ್ತವೆ. ತ್ರಿಕೋನದ ಮೂರು ಮೂಲೆಗಳೂ ಕಾಣುವ ಜಾಗವೆಂದರೆ ಅಳತೆಗಾರನಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ?

ಅಳತೆಯನ್ನು ಗಾತ್ರದಿಂದಲೇ ಆರಂಭಿಸಬಹುದು. ಒಂದು ಇಡೀ ತೊಗರಿಕಾಳನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಚಂದ್ರನ ಮೇಲೆ ಇಟ್ಟರೆ ಹೆಚ್ಚುಕಡಿಮೆ ಪೂರ್ತಿ ಚಂದ್ರ ಮರೆಯಾಗುತ್ತಾನೆ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ ಮಾತ್ರ. ಇಷ್ಟು ಚಿಕ್ಕದಾದ, ಆಕಾಶದಷ್ಟೇ ತಿಳಿಯಾದ ವಸ್ತುವನ್ನು ಅದು ಎಲ್ಲಿದೆ ಎಂದು ಗೊತ್ತಿಲ್ಲದೆ ಕಣ್ಣು ಹುಡುಕುವುದಿಲ್ಲ. ತಿಂಗಳಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹತ್ತಿರದ ಕೆಲವು ದಿನಗಳನ್ನು ಬಿಟ್ಟು ಉಳಿದೆಲ್ಲ ದಿನ ಹಗಲಿನ ಯಾವುದೋ ಒಂದು ಹೊತ್ತಿನಲ್ಲಿ ಚಂದ್ರ ಮೇಲಿದ್ದರೂ, ಬಹಳ ಮಂದಿ ಅವನನ್ನು ಅಪರೂಪಕ್ಕೆ ಕಂಡೆವೆಂದು ಹೇಳುವುದು ಈ ಕಾರಣಕ್ಕೆ.

ಮುಂದಿನದು ನಿಂಬೆಹಣ್ಣಿನ ಅಳತೆ. ಬಿಸಿಲು ಬೀಳುವ ಜಾಗದಲ್ಲಿ ನಿಂತು, ಚಂದ್ರ ಕಾಣುವ ದಿಕ್ಕಿಗೇ ತೋಳು ಚಾಚಿ, ಚಂದ್ರನ ಪಕ್ಕದಲ್ಲೇ ಇರುವಂತೆ ಒಂದು ನಿಂಬೆಹಣ್ಣನ್ನು ಹಿಡಿಯಬೇಕು. ಚಂದ್ರನಲ್ಲಿ ಎಷ್ಟು ಭಾಗ ಬೆಳಗಿದೆಯೋ ಹಣ್ಣಿನಲ್ಲೂ ಅಷ್ಟೇ ಭಾಗಕ್ಕೆ ಬಿಸಿಲು ತಾಗಿರುತ್ತದೆ. ಚಂದ್ರ ಯಾವ ಕಡೆಗೆ ವಾಲಿದ್ದಾನೋ ಹಣ್ಣಿನ ಬೆಳಕೂ ಅದೇ ಕಡೆಗೆ ವಾಲಿರುತ್ತದೆ. ಹಣ್ಣಿನ ಸಿಪ್ಪೆಯ ಸಣ್ಣ ಗುಳಿಗಳು ಬೆಳಕು ನೆರಳಿನ ಗಡಿಯಲ್ಲಿ ಮಾತ್ರ ಎದ್ದು ಕಾಣುತ್ತವೆ, ಉಳಿದೆಡೆ ನುಣ್ಣಗೆ ತೋರುತ್ತವೆ. ದೂರದರ್ಶಕದಲ್ಲಿ ಚಂದ್ರನ ಕುಳಿಗಳನ್ನು ನೋಡುವವರು ಇದೇ ಕಾರಣಕ್ಕೆ ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸನ್ನು ಇಷ್ಟಪಡುತ್ತಾರೆ. ಗೋಡೆಯ ಮೇಲೆ ಬರೆದ ಚಿತ್ರದಲ್ಲಿ ಚಂದ್ರನ ಹೆಚ್ಚುವ ಕುಗ್ಗುವ ಕಲೆಗಳನ್ನು ಉರುಹೊಡೆದ ನನ್ನ ಮೊಮ್ಮಗಳಿಗೆ ಮಧುಗಿರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಈ ನಿಂಬೆಹಣ್ಣು ಹಿಡಿಸಿದಾಗ, ಅವಳು ಮೊದಲು ಹಣ್ಣನ್ನು, ಆಮೇಲೆ ಚಂದ್ರನನ್ನು, ಮತ್ತೆ ಹಣ್ಣನ್ನು ನೋಡಿ, “ತಾತ, ಎರಡಕ್ಕೂ ಒಂದೇ ಬಿಸಿಲು!” ಎಂದಳು.

ಅವಳ ಮಾತು ಅಕ್ಷರಶಃ ಸತ್ಯ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಹದಿನೈದು ಕೋಟಿಯ ಮುಂದೆ ನಾಲ್ಕು ಲಕ್ಷ ಲೆಕ್ಕಕ್ಕಿಲ್ಲ, ಆದ್ದರಿಂದ ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಬೀಳುವ ಬಿಸಿಲಿನಷ್ಟೇ ಬಿಸಿಲು ಚಂದ್ರನ ಮೇಲೂ ಬೀಳುತ್ತದೆ. ನಡುವೆ ಗಾಳಿಯ ಪದರವಿಲ್ಲದಿರುವುದರಿಂದ ಅಲ್ಲಿ ಅದು ಇನ್ನಷ್ಟು ತೀಕ್ಷ್ಣ. ಚಳಿಗಾಲದ ಬೆಳಿಗ್ಗೆ ಬೆಟ್ಟದ ಮೂಡಲ ಮಗ್ಗುಲು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿರುವಾಗ ಅದರ ಮೇಲ್ಗಡೆ ಬಹುಳ ಪಕ್ಷದ ಚಂದ್ರ ನಿಂತಿದ್ದರೆ, ಬಿಸಿಲು ಕಾಯುತ್ತಿರುವ ಎರಡು ಬಂಡೆಗಳನ್ನು ನಾವು ಒಟ್ಟಿಗೆ ನೋಡುತ್ತಿರುತ್ತೇವೆ. ಇವೆರಡರಲ್ಲಿ ಬಣ್ಣ ಗಾಢವಾಗಿರುವುದು ಚಂದ್ರನದ್ದೇ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಚಂದ್ರ ಹಿಂದಕ್ಕೆ ಕಳಿಸುವುದು ನೂರಕ್ಕೆ ಸುಮಾರು 12 ಪಾಲು ಮಾತ್ರ. ಸವೆದು ಹಳೆಯದಾದ ಡಾಂಬರು ರಸ್ತೆಯೂ ಸರಿಸುಮಾರು ಅಷ್ಟನ್ನೇ ಕಳಿಸುತ್ತದೆ. ಬೆಳ್ಳಿಯ ಬಟ್ಟಲು ಎಂದು ನಾವು ಕರೆಯುವುದು ಮಸಿಬಣ್ಣದ ಕಲ್ಲು. ಇದನ್ನು ತಿಳಿದ ಮೇಲೆ ನನಗೆ ಅದರ ಚೆಲುವು ಕಡಿಮೆಯಾಗಲಿಲ್ಲ, ಅಂಥ ಕಲ್ಲನ್ನೂ ಅಷ್ಟು ದೂರದಿಂದ ಹಾಡುಹಗಲಲ್ಲಿ ಕಾಣಿಸುವ ಬಿಸಿಲಿನ ಮೇಲೆ ಗೌರವ ಹೆಚ್ಚಾಯಿತು.

ಹಗಲಿನ ನೀಲಿಯ ನಡುವೆ ಅದು ಕಾಣುವುದಾದರೂ ಹೇಗೆ? ನೀಲಿ ಬಣ್ಣ ಚಂದ್ರನ ಹಿಂದೆ ಬಳಿದ ಗೋಡೆಯಲ್ಲ. ಗಾಳಿಯ ಕಣಗಳು ಬಿಸಿಲನ್ನು ಚದುರಿಸುವುದರಿಂದ ಹುಟ್ಟುವ ಆ ಬಣ್ಣ ಇರುವುದು ನಮಗೂ ಚಂದ್ರನಿಗೂ ನಡುವೆ, ನಮ್ಮ ಪಕ್ಕದಲ್ಲೇ. ಚಂದ್ರನ ದಿಕ್ಕಿನಿಂದ ನಮ್ಮ ಕಣ್ಣಿಗೆ ಆ ನೀಲಿಯೂ ಬರುತ್ತದೆ, ಅದರ ಜೊತೆಗೆ ಚಂದ್ರನ ಬೆಳಕೂ ಸೇರಿ ಬರುತ್ತದೆ. ಸುತ್ತಲಿನ ಆಕಾಶದಿಂದ ನೀಲಿ ಮಾತ್ರ ಬರುತ್ತದೆ. ಆ ಹೆಚ್ಚುವರಿಯೇ ನಮಗೆ ಕಾಣುವ ಬಿಳುಪು. ಚಂದ್ರನ ಬೆಳಗದ ಭಾಗ ಹಗಲಿನಲ್ಲಿ ಕಪ್ಪಾಗಿ ಕಾಣದೆ ಅಕ್ಕಪಕ್ಕದ ಆಕಾಶದಲ್ಲಿ ಬೆರೆತುಹೋಗುವುದೂ, ರಾತ್ರಿ ಬೂದು ಬಣ್ಣಕ್ಕೆ ಕಾಣುವ ಮೊಲದ ಗುರುತು ಹಗಲಿನಲ್ಲಿ ತಿಳಿನೀಲಿಯಾಗಿ ಕಾಣುವುದೂ ಇದರಿಂದಲೇ. ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು: ಅಷ್ಟಮಿಯ ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಿರದೆ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟೇ ಇರುತ್ತದೆ, ಏಕೆಂದರೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಅಲ್ಲಿನ ಕಲ್ಲು, ಕುಳಿ, ಪುಡಿಮಣ್ಣು ಎಲ್ಲವೂ ತಮ್ಮ ತಮ್ಮ ನೆರಳಿನಿಂದ ಮಬ್ಬಾಗಿರುತ್ತವೆ. ಆದರೂ ಅಷ್ಟಮಿಯ ಚಂದ್ರ ಹಗಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಾನೆ. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದಲ್ಲಿ ಆಕಾಶದ ನೀಲಿ ಅತ್ಯಂತ ಗಾಢವಾಗಿರುತ್ತದೆ, ಅವನು ನಿಲ್ಲುವುದು ಅಲ್ಲಿಯೇ.

ಈ 90 ಡಿಗ್ರಿಯೇ ನನ್ನನ್ನು ಪಂಚಾಂಗದ ಕಡೆಗೆ ತಿರುಗಿಸಿತು. ತಿಥಿಯೆಂದರೆ ದಿನದ ಹೆಸರು ಎಂದೇ ನಾನು ಬಹುಕಾಲ ಭಾವಿಸಿದ್ದೆ. ವಾಸ್ತವವಾಗಿ ತಿಥಿ ಒಂದು ಕೋನ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಕಳೆಯಿತು. 84 ಡಿಗ್ರಿಯಿಂದ 96 ಡಿಗ್ರಿಯವರೆಗೆ ಶುದ್ಧ ಅಷ್ಟಮಿ. 180 ತಲುಪಿದಾಗ ಹುಣ್ಣಿಮೆ ಮುಗಿಯಿತು. ಚಂದ್ರ ಒಂದೇ ವೇಗದಲ್ಲಿ ಚಲಿಸುವುದಿಲ್ಲವಾದ್ದರಿಂದ ಒಂದು ತಿಥಿ ಸುಮಾರು 20 ಗಂಟೆಯಿಂದ 27 ಗಂಟೆಯವರೆಗೆ ಹಿಗ್ಗಬಹುದು, ಕುಗ್ಗಬಹುದು. ಪಂಚಾಂಗದಲ್ಲಿ ತಿಥಿಯ ಪಕ್ಕ ಗಳಿಗೆ ವಿಘಳಿಗೆಗಳನ್ನು ಕೊಡುವುದು ಇದಕ್ಕಾಗಿ. ಅಂದರೆ ನಮ್ಮ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದಲ್ಲಿ ಸರ್ವೇ ಟಿಪ್ಪಣಿಯಂತೆ ಕೋನಗಳೇ ತುಂಬಿವೆ. ಇದು ತಿಳಿದ ಮೇಲೆ ಕಚೇರಿಯಲ್ಲಿ ಮೂಲೆ ಸೇರಿದ್ದ ಹಳೆಯ ಕ್ರಾಸ್ ಸ್ಟಾಫ್ ಒಂದನ್ನು, ಲಂಬ ಗೆರೆ ಹಿಡಿಯಲು ನಾವು ಬಳಸುತ್ತಿದ್ದ ಆ ನಾಲ್ಕು ಸೀಳಿನ ಮರದ ಸಲಕರಣೆಯನ್ನು, ಅನುಮತಿ ಪಡೆದು ಒಂದು ಶುದ್ಧ ಅಷ್ಟಮಿಯ ಮಧ್ಯಾಹ್ನ ಹೊರಗೆ ತಂದೆ. ಒಂದು ಜೋಡಿ ಸೀಳಿನ ಮೂಲಕ ಬಿಸಿಲಿನ ಗೆರೆ ಹಾದು ಎದುರಿನ ಸೀಳಿನ ಮೇಲೆ ಬೀಳುವಂತೆ ಅದನ್ನು ವಾಲಿಸಿ ಹಿಡಿದು, ಇನ್ನೊಂದು ಜೋಡಿಯ ಮೂಲಕ ಕಣ್ಣಿಟ್ಟು, ಕೈಯಲ್ಲೇ ನಿಧಾನವಾಗಿ ತಿರುಗಿಸಿದೆ. ಸೀಳಿನ ನಡುವೆ ಅರ್ಧಚಂದ್ರ ಬಂದು ನಿಂತ. ಬದು ಅಳೆಯುವ ಕೋಲಿನಲ್ಲಿ ಸೂರ್ಯ ಚಂದ್ರರ ನಡುವಿನ ಮೂಲೆಮಟ್ಟವನ್ನು ಹಿಡಿದ ಆ ಗಳಿಗೆಯಲ್ಲಿ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ನನಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ಗ್ರೀಸಿನ ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಇದೇ ಕೋನವನ್ನು ಹಿಡಿದು ಸೂರ್ಯನ ದೂರ ಕಂಡುಹಿಡಿಯಲು ಹೊರಟಿದ್ದ. ಚಂದ್ರ ಸರಿಯಾಗಿ ಅರ್ಧ ಬೆಳಗಿರುವಾಗ ಚಂದ್ರನಲ್ಲಿರುವ ಮೂಲೆ 90 ಡಿಗ್ರಿ ಆಗಲೇಬೇಕು. ನಮ್ಮಲ್ಲಿರುವ ಮೂಲೆಯನ್ನು ಅಳೆದರೆ ತ್ರಿಕೋನ ಪೂರ್ಣವಾಯಿತು, ಸೂರ್ಯ ಚಂದ್ರನಿಗಿಂತ ಎಷ್ಟು ಪಟ್ಟು ದೂರ ಎಂಬುದು ಲೆಕ್ಕದಿಂದ ಸಿಕ್ಕಿತು. ಇಬ್ಬರೂ ಒಟ್ಟಿಗೆ ಕಾಣುವ ಹಗಲಿನಲ್ಲಲ್ಲದೆ ಈ ಅಳತೆ ಸಾಧ್ಯವಿಲ್ಲ. ಅವನು ಆ ಕೋನವನ್ನು 87 ಡಿಗ್ರಿ ಎಂದು ಹಿಡಿದು, ಸೂರ್ಯ ಚಂದ್ರನಿಗಿಂತ 18ರಿಂದ 20 ಪಟ್ಟು ದೂರವಿದ್ದಾನೆ ಎಂದ. ನಿಜವಾದ ಕೋನ 89 ಡಿಗ್ರಿಗೂ ಮೇಲೆ ಸುಮಾರು 51 ಮಿನಿಟು (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲೇ ಒಂದು ಮಿನಿಟು). ನಿಜವಾದ ದೂರ ಸುಮಾರು 390 ಪಟ್ಟು. ಮೂರು ಡಿಗ್ರಿಗಿಂತಲೂ ಕಡಿಮೆ ತಪ್ಪು ಲೆಕ್ಕವನ್ನು ಇಪ್ಪತ್ತು ಪಟ್ಟು ಕೆಡಿಸಿತು. ಇದನ್ನು ಓದಿ ಅವನ ಬಗ್ಗೆ ಹಗುರವಾಗಿ ಮಾತನಾಡುವವರು ಒಮ್ಮೆ ಹೊಲಕ್ಕಿಳಿದು ಅಳೆಯಬೇಕು. ಒಂದು ಮೂಲೆಯಲ್ಲಿ ಒಂದೇ ಡಿಗ್ರಿ ತಪ್ಪಿದರೆ ಹತ್ತು ಚೈನು, ಅಂದರೆ 330 ಅಡಿ ಹೋಗುವಷ್ಟರಲ್ಲಿ ಗೆರೆ ಐದೂಮುಕ್ಕಾಲು ಅಡಿ ಪಕ್ಕದವರ ಜಮೀನಿನೊಳಗೆ ಹೋಗಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನಿಂದಲೇ ಅಂಥ ತಪ್ಪಾಗಿ, ಎರಡು ಮನೆಯವರು ತಿಂಗಳುಗಟ್ಟಲೆ ಮಾತುಬಿಟ್ಟು, ಮರು ಅಳತೆಯಾದ ಮೇಲೆ ಸರಿಹೋದರು. ಅರಿಸ್ಟಾರ್ಕಸನ ಕೋನ ತಪ್ಪಿತ್ತು, ದಾರಿ ತಪ್ಪಿರಲಿಲ್ಲ. ಸೂರ್ಯ ಚಂದ್ರನಿಗಿಂತ ಬಹಳ ದೂರವಿದ್ದಾನೆ, ಆದ್ದರಿಂದ ಬಹಳ ದೊಡ್ಡವನು ಎಂಬುದು ಹಗಲು ಚಂದ್ರನನ್ನು ನೋಡಿಯೇ ಅವನಿಗೆ ತಿಳಿದಿತ್ತು.

ನಮ್ಮ ಮನೆಯ ಆಚರಣೆಗಳಲ್ಲೂ ಹಗಲು ಚಂದ್ರ ಅಡಗಿ ಕುಳಿತಿದ್ದಾನೆ. ನನ್ನ ತಾಯಿ ಸಂಕಷ್ಟಿಯ ಉಪವಾಸ ಮಾಡುತ್ತಿದ್ದರು. ಬಹುಳ ಚೌತಿಯ ರಾತ್ರಿ ಚಂದ್ರ ಮೂಡುವುದು ಒಂಬತ್ತು ಗಂಟೆಯ ಸುಮಾರಿಗೆ. ಮೋಡವಿದ್ದರೆ ಅಂಗಳಕ್ಕೂ ಒಳಗೂ ಎಷ್ಟು ಸಲ ಓಡಾಡುತ್ತಿದ್ದರೋ, ಕಂಡೊಡನೆ ಅರ್ಘ್ಯ ಕೊಟ್ಟು ಊಟಕ್ಕೆ ಕೂರುತ್ತಿದ್ದರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವಾಗ, ಹಿಂದಿನ ರಾತ್ರಿ ಅಷ್ಟು ಕಾಯಿಸಿದ ಅದೇ ಚಂದ್ರ ಪಡುವಣದಲ್ಲಿ ಎದುರು ಮನೆಯ ತೆಂಗಿನ ಗರಿಗಳ ಮೇಲೆ ಬೆಳ್ಳಗೆ ನಿಂತಿರುತ್ತಿದ್ದ, ಒಂಬತ್ತು ಗಂಟೆಯವರೆಗೂ ಇರುತ್ತಿದ್ದ. ಅವರು ತಲೆ ಎತ್ತುತ್ತಿರಲಿಲ್ಲ, ನಾನೂ ಆಗ ತೋರಿಸಲಿಲ್ಲ. ಭಾದ್ರಪದ ಶುದ್ಧ ಚೌತಿಯದು ಇದರ ಇನ್ನೊಂದು ಮಗ್ಗುಲು. ಗಣೇಶನ ಹಬ್ಬದ ರಾತ್ರಿ ಚಂದ್ರನನ್ನು ನೋಡಬಾರದೆಂದು ತಲೆ ತಗ್ಗಿಸಿ ಓಡಾಡುತ್ತೇವೆ, ಕಂಡರೆ ಶಮಂತಕ ಮಣಿಯ ಕತೆ ಕೇಳುತ್ತೇವೆ. ಆದರೆ ಆ ಚಂದ್ರ ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲೇ ಮೂಡಿ, ಪೂಜೆ, ನೈವೇದ್ಯ, ಊಟ ಎಲ್ಲ ನಡೆಯುವಾಗಲೂ ತೆಳುವಾದ ಕುಡುಗೋಲಿನಂತೆ ಮೇಲೆಯೇ ಇರುತ್ತಾನೆ.

2023ರ ಆಗಸ್ಟ್ 23ರ ಸಂಜೆಯನ್ನು ಹೇಳದೆ ಈ ಬರಹ ಮುಗಿಯದು. ಅಂದು ಶ್ರಾವಣ ಶುದ್ಧ ಸಪ್ತಮಿ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. ಅದನ್ನು ನಿಯಂತ್ರಿಸುತ್ತಿದ್ದ ಇಸ್ರೋದ ಕೇಂದ್ರ ಇದ್ದದ್ದು ಪೀಣ್ಯದಲ್ಲಿ, ಮಧುಗಿರಿ, ತುಮಕೂರಿನ ಬಸ್ಸುಗಳು ಬೆಂಗಳೂರಿಗೆ ಹೋಗುವಾಗ ದಾಟುವ ಪೀಣ್ಯದಲ್ಲಿ. 6 ಗಂಟೆ 4 ನಿಮಿಷಕ್ಕೆ ಲ್ಯಾಂಡರ್ ನೆಲ ಮುಟ್ಟಿತು. ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗಲೇ ನಾನು ಮಾಳಿಗೆಗೆ ಹತ್ತಿದೆ. ಸೂರ್ಯ ಇನ್ನೂ ಮುಳುಗಿರಲಿಲ್ಲ, ಅದಕ್ಕೆ ಸುಮಾರು ಅರ್ಧ ಗಂಟೆ ಬಾಕಿ ಇತ್ತು. ದಕ್ಷಿಣದಲ್ಲಿ, ಮೋಡಗಳ ಸಂದಿಯಲ್ಲಿ, ಅರ್ಧಕ್ಕೆ ಸ್ವಲ್ಪ ಕಡಿಮೆಯಾದ ಹಗಲು ಚಂದ್ರನಿದ್ದ. ಅದು ಆಕಸ್ಮಿಕವಲ್ಲ. ಲ್ಯಾಂಡರೂ ರೋವರೂ ಬಿಸಿಲಿನಿಂದಲೇ ವಿದ್ಯುತ್ ಪಡೆಯಬೇಕಾಗಿದ್ದರಿಂದ, ನಮ್ಮ 14 ದಿನಗಳಷ್ಟು ಉದ್ದವಿರುವ ಅಲ್ಲಿನ ಹಗಲು ಪೂರ್ತಿ ಸಿಗಲೆಂದು, ಇಳಿಯುವ ಜಾಗದಲ್ಲಿ ಬೆಳಗಾದ ಕೂಡಲೇ ಇಳಿಸುವ ಲೆಕ್ಕ ಹಾಕಿದ್ದರು. ಆ ಜಾಗಕ್ಕೆ ಬೆಳಗಾಗುವ ದಿನಗಳಲ್ಲಿ ಚಂದ್ರ ನಮಗೆ ಅರ್ಧದ ಹತ್ತಿರ ಕಾಣುತ್ತಾನೆ, ಅರ್ಧಚಂದ್ರ ಸಂಜೆಗೆ ಮುಂಚೆಯೇ ನೆತ್ತಿಯ ಹತ್ತಿರ ಬಂದಿರುತ್ತಾನೆ. ಬೆಳಕಿಗೂ ಕತ್ತಲೆಗೂ ನಡುವೆ ನಾನು ಆ ದಿನ ಹೊಲದಲ್ಲಿ ದಾರ ಹಿಡಿದು ನೋಡಿದ ಗಡಿಯೇ ಅಲ್ಲಿ ಸೂರ್ಯೋದಯದ ಗೆರೆ.

ಮಾಳಿಗೆಯಿಂದಲೇ ಮಿಡಿಗೇಶಿಯ ಯಜಮಾನರಿಗೆ ಫೋನ್ ಮಾಡಿದೆ. ಹೊರಗೆ ಬಂದು ಮೇಲೆ ನೋಡಿ ಎಂದು ಹೇಳಲು ಹೊರಟಿದ್ದೆ, ಅವರು ಬಿಡಲಿಲ್ಲ.

“ಆಗ್ಲೇ ನೋಡ್ತಾ ಇವ್ನಿ ಸ್ವಾಮಿ, ಹೊಲ್ದಾಗೇ ನಿಂತಿವ್ನಿ. ಎಲ್ಲಿ ಇಳೀತು? ಬೆಳಕಿರೋ ಕಡೇಗಾ, ಕತ್ಲೆ ಕಡೇಗಾ?”

“ಬೆಳಕಿನ ಕಡೆಗೇ ಯಜಮಾನ್ರೆ. ತೀರಾ ಕೆಳಗಡೆ ತುದಿ ಐತಲ್ಲ, ಅದರ ಹತ್ರ. ಅಲ್ಲಿ ಈಗ ತಾನೇ ಹೊತ್ತು ಹುಟ್ಟೈತೆ.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನಿನಲ್ಲಿ ಅವರ ಹೊಲದ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು.

“ಸರಿ ಸ್ವಾಮಿ,” ಎಂದರು, “ಇಲ್ಲಿ ಮುಳುಗ್ತಾ ಐತೆ.”